ನಲವತ್ತು ಕಾಲಂ, ನಲವತ್ತು ಗ್ರಾಫ್

ಕೇಳುಗರಿಗೆ ನಮಸ್ಕಾರ.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳ ಬಗ್ಗೆ ಪ್ರಬಂಧ ಬರೆಯಲು ಹೊರಟವರ ಎಕ್ಸೆಲ್ ಹಾಳೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಒಂದು ಮರಕ್ಕೆ ಒಂದು ಸಾಲು. ಅಡ್ಡಕ್ಕೆ ಎತ್ತರ, ಕಾಂಡದ ಸುತ್ತಳತೆ, ಸೋಗೆ, ಹಿಂಗಾರ, ಗೊನೆ, ಉದುರಿದ ನಳ್ಳಿ, ಹಣ್ಣಡಿಕೆಯ ತೂಕ, ಚಾಲಿಯ ತೂಕ, ಮಣ್ಣಿನ ರಸಸಾರ, ಪೊಟ್ಯಾಷ್. ಹೀಗೆ ನಲವತ್ತು ಕಾಲಂ ಆಗಲು ಹೆಚ್ಚು ಹೊತ್ತು ಬೇಡ. ಒಂದೊಂದಕ್ಕೂ ತಳಿವಾರು ಬಾಕ್ಸ್ ಪ್ಲಾಟ್, ಅಂದರೆ ಅಂಕಿಗಳ ಹರಡಿಕೆಯನ್ನು ಪೆಟ್ಟಿಗೆಯಾಗಿ ತೋರಿಸುವ ಗ್ರಾಫ್, ಬೇಕು. ಮೌಸ್ ಹಿಡಿದು ನಲವತ್ತು ಸಲ ಮಾಡಿ ಮುಗಿಸಿದ ಮೇಲೆ ಮಾರ್ಗದರ್ಶಕರು "ಈ ಎರಡು ಮರದ ಅಳತೆ ಸರಿಯಿಲ್ಲ, ಬಿಟ್ಟುಬಿಡಿ" ಎಂದರೆ ಪುನಃ ಮೊದಲಿನಿಂದ ನಲವತ್ತು. ಈ ಕೆಲಸವನ್ನು ಕೋಡಿಗೆ ಒಪ್ಪಿಸುವುದು ಹೇಗೆ ಎಂಬುದೇ ಇವತ್ತಿನ ಮಾತು. ಉದಾಹರಣೆಗೆ ಅಂಕಿಅಂಶಗಳ ಕೆಲಸಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಗ್ರಾಫ್ ಬಿಡಿಸುವ ಅದರ ಜಿಜಿಪ್ಲಾಟ್2 ಪ್ಯಾಕೇಜನ್ನೂ ಇಟ್ಟುಕೊಳ್ಳೋಣ. ಎರಡೂ ಉಚಿತ.

ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆಮತ್ತೆ ಮಾಡಿಸುವ ಕೋಡ್, ಬರೆಯಲು ಅವಸರ ಮಾಡಬೇಡಿ. ಮೊದಲು ಒಂದೇ ಕಾಲಂ, ಸುತ್ತಳತೆ ಎಂದಿಟ್ಟುಕೊಳ್ಳಿ, ಅದರ ಗ್ರಾಫನ್ನು ಬಣ್ಣ, ಅಕ್ಷರ, ಅಳತೆ ಎಲ್ಲ ಸರಿಯಾಗುವ ತನಕ ತಿದ್ದಿ. ಆಮೇಲೆ ಆ ಕೋಡಿನಲ್ಲಿ ಬದಲಾಗುವುದು ಯಾವುದು ಎಂದು ಗುರುತು ಹಾಕಿ. ಕಾಲಮ್ಮಿನ ಹೆಸರು, ಅಕ್ಷದ ಶೀರ್ಷಿಕೆ, ಫೈಲಿನ ಹೆಸರು, ಇಷ್ಟೇ. ಈ ಮೂರನ್ನು ಹೊರಗಿನಿಂದ ಕೊಡುವ ಹಾಗೆ ಒಂದು ಫಂಕ್ಷನ್, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯಬಹುದಾದ ಕೋಡಿನ ತುಂಡು, ಬರೆದರೆ ಕೆಲಸದ ಬಹುಪಾಲು ಮುಗಿದಂತೆ.

ಹೆಚ್ಚಿನವರು ಎಡವುವುದು ಇಲ್ಲೇ. ಫಂಕ್ಷನ್ನಿಗೆ ಕಾಲಮ್ಮಿನ ಹೆಸರು ಬರುವುದು ಉದ್ಧರಣ ಚಿಹ್ನೆಯೊಳಗಿನ ಬರಿಯ ಪದವಾಗಿ. ಯಾವ ಅಕ್ಷಕ್ಕೆ ಯಾವ ಕಾಲಂ ಎಂದು ಜಿಜಿಪ್ಲಾಟ್‌ಗೆ ಹೇಳುವ ಭಾಗವೇ ಎಇಎಸ್ (aes). ಆ ಪದವನ್ನು ಹಾಗೇ ಎಇಎಸ್ ಒಳಗೆ ಇಟ್ಟರೆ ಅಕ್ಷದ ಮೇಲೆ ಅಂಕಿಗಳ ಬದಲು ಆ ಪದವೊಂದೇ ಕೂತಿರುತ್ತದೆ. ಡಾಟ್ ಡೇಟಾ ಎಂದು ಬರೆದು, ಅದಕ್ಕೆ ತಾಗಿ ಎರಡೆರಡು ಚೌಕ ಆವರಣದೊಳಗೆ ಹೆಸರಿಡಿ, ಆಗ ಕಾಲಂ ಸಿಗುತ್ತದೆ. ಹಳೆಯ ಪಾಠಗಳಲ್ಲಿ ಕಾಣುವ ಎಇಎಸ್ ಅಂಡರ್‌ಸ್ಕೋರ್ ಸ್ಟ್ರಿಂಗ್ ಈಗ ಬೇಡ, ಜಿಜಿಪ್ಲಾಟ್2ರ 2018ರ 3.0.0 ಆವೃತ್ತಿಯಿಂದಲೇ ಅದನ್ನು ಕೈಬಿಡಲು ಹೇಳಲಾಗಿದೆ.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯದ್ದು, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಫಾರ್ ಲೂಪಿನಲ್ಲಿ ಗ್ರಾಫುಗಳನ್ನು ಮಾಡಿ ಒಂದು ಪಟ್ಟಿಯಲ್ಲಿ ಕೂಡಿಡುತ್ತೀರಿ, ಕೊನೆಗೆ ತೆರೆದು ನೋಡುತ್ತೀರಿ. ಶೀರ್ಷಿಕೆಗಳೆಲ್ಲ ಸರಿಯಾಗಿವೆ: ಎತ್ತರ, ಸೋಗೆ, ಗೊನೆ. ಆದರೆ ಒಳಗಿನ ಪೆಟ್ಟಿಗೆಗಳು ನಲವತ್ತರಲ್ಲೂ ಒಂದೇ, ಕೊನೆಯ ಕಾಲಮ್ಮಿನವು. ಶೀರ್ಷಿಕೆಯನ್ನು ಆರ್ ಆ ಕ್ಷಣದಲ್ಲೇ ಓದಿಕೊಳ್ಳುತ್ತದೆ. ಎಇಎಸ್ ಒಳಗಿನ ಹೆಸರನ್ನಾದರೋ ಗ್ರಾಫ್ ಬಿಡಿಸುವ ಹೊತ್ತಿಗೆ ಹುಡುಕುತ್ತದೆ. ಅಷ್ಟರಲ್ಲಿ ಲೂಪ್ ಮುಗಿದು ಆ ಹೆಸರು ಪೊಟ್ಯಾಷ್ ಆಗಿರುತ್ತದೆ. ಫಂಕ್ಷನ್ ಬರೆದು ಎಲ್‌ಅಪ್ಲೈ ಎಂಬ, ಪಟ್ಟಿಯ ಒಂದೊಂದು ಹೆಸರಿಗೂ ಫಂಕ್ಷನ್ ಓಡಿಸುವ ಆಜ್ಞೆಯ ಮೂಲಕ ಕರೆದರೆ ಪ್ರತಿ ಕರೆಗೂ ಅದರದೇ ಹೆಸರು ಉಳಿಯುತ್ತದೆ, ಈ ತೊಂದರೆ ಬರುವುದಿಲ್ಲ. ಫಾರ್ ಲೂಪೇ ಬೇಕೆಂದಿದ್ದರೆ ಪ್ರತಿ ಸುತ್ತಿನಲ್ಲೂ ಜಿಜಿಸೇವ್ ಮಾಡಿ ಫೈಲಿಗೆ ಇಳಿಸಿಬಿಡಿ, ಯಾವ ಗ್ರಾಫ್ ಎಂದು ಅದಕ್ಕೆ ಹೆಸರು ಹಿಡಿದು ಹೇಳಿ. ತೆರೆಯ ಮೇಲೂ ಕಾಣಬೇಕಾದರೆ ಪ್ರಿಂಟ್ ಎಂದು ಬರೆಯಲೇಬೇಕು.

ಇನ್ನು ಹಾಳೆಯ ಶುದ್ಧಿ. ಒಬ್ಬರು 1972ರಲ್ಲಿ ಬಿಡುಗಡೆಯಾದ ತಳಿಯನ್ನು 'ಮಂಗಳ' ಎಂದು ಬರೆದು, ಇನ್ನೊಬ್ಬರು 'ಮಂಗಳಾ' ಎಂದು ದೀರ್ಘ ಎಳೆದರೆ ಕಂಪ್ಯೂಟರಿಗೆ ಅವು ಎರಡು ತಳಿ. ಪದದ ಕೊನೆಯಲ್ಲಿ ಕಾಣದ ಒಂದು ಖಾಲಿ ಜಾಗ ಉಳಿದರೂ ಅಷ್ಟೇ. ಅಂಕಿಯ ಕಾಲಮ್ಮಿನಲ್ಲಿ ಒಂದೇ ಕಡೆ '12 ಕೆ.ಜಿ.' ಎಂದೋ ಕನ್ನಡ ಅಂಕಿಯಲ್ಲಿ '೧೨' ಎಂದೋ ಇದ್ದರೆ ಸಿಎಸ್‌ವಿ ಎಂಬ ಸರಳ ಪಠ್ಯರೂಪದಲ್ಲಿ ಉಳಿಸಿದ ಹಾಳೆಯನ್ನು ಆರ್ ಓದುವಾಗ ಇಡೀ ಕಾಲಂ ಪಠ್ಯವಾಗಿಬಿಡುತ್ತದೆ. ಅಳೆಯದ ಮರಕ್ಕೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಗೊನೆಯೇ ಇಲ್ಲದ ಮರ ಬೇರೆ, ಗೊನೆ ಎಣಿಸದ ಮರ ಬೇರೆ. ಖಾಲಿ ಬಿಟ್ಟವು ಗ್ರಾಫಿನಿಂದ ಹೊರಗುಳಿಯುವುದರಿಂದ ಒಂದೊಂದು ಗ್ರಾಫಿನಲ್ಲಿ ಮರಗಳ ಸಂಖ್ಯೆ ಬೇರೆಬೇರೆ ಆಗುತ್ತದೆ; ಆ ಸಂಖ್ಯೆ ಶೀರ್ಷಿಕೆಯ ಕೆಳಗೆ ತಾನೇ ಬರುವಂತೆ ಫಂಕ್ಷನ್ನಿನಲ್ಲೇ ಬರೆದಿಡಿ.

ಎಲ್ಲ ಕಾಲಮ್ಮಿಗೂ ಒಂದೇ ಬಗೆಯ ಗ್ರಾಫ್ ಹೊಂದುವುದಿಲ್ಲ. ಅಂಕಿಗಳನ್ನು ಭಾಗ ಮಾಡಿ, ಎಣಿಸಿ, ಕಂಬಗಳಾಗಿ ತೋರಿಸುವ ಹಿಸ್ಟೋಗ್ರಾಮಿಗೆ ಜಿಜಿಪ್ಲಾಟ್ ತಾನಾಗಿ 30 ಭಾಗ ಮಾಡುತ್ತದೆ. ತೂಕಕ್ಕೆ ಅದು ನಡೆದೀತು. ಎರಡರಿಂದ ಆರರವರೆಗೆ ಮಾತ್ರ ಇರುವ ಗೊನೆಯ ಎಣಿಕೆಗೆ ಅದರಿಂದ ಹಲ್ಲು ಉದುರಿದ ಬಾಚಣಿಗೆ ಬರುತ್ತದೆ. ಅಲ್ಲಿ ಭಾಗದ ಅಗಲ 1 ಎಂದು ಕೊಡಿ. ಆದ್ದರಿಂದ ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಇರಲಿ: ಕಾಲಮ್ಮಿನ ಹೆಸರು, ಕನ್ನಡ ಶೀರ್ಷಿಕೆ, ಮಾನ, ಎಣಿಕೆಯೋ ಅಳತೆಯೋ. ಫಂಕ್ಷನ್ ಈ ಪಟ್ಟಿ ನೋಡಿ ನಡೆಯಲಿ. ಶೀರ್ಷಿಕೆ ಕನ್ನಡದಲ್ಲಿ ಬರುವಾಗ ಒತ್ತಕ್ಷರ ಒಡೆದು ಬಿದ್ದರೆ ಅಥವಾ ಬರಿಯ ಚೌಕಗಳು ಕಂಡರೆ ರ್‍ಯಾಗ್ ಎಂಬ ಪ್ಯಾಕೇಜ್ ಹಾಕಿಕೊಂಡು ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಹೆಸರು ಕೊಟ್ಟು ಪಿಎನ್‌ಜಿ ಮಾಡಿ. ಮುದ್ರಣಕ್ಕೆ 300 ಡಿಪಿಐ ಸಾಕು.

ಫೈಲಿನ ಹೆಸರಿಗೆ ಮಾನ ಸೇರಿಸಬೇಡಿ. 'ಕೆ.ಜಿ./ಮರ' ಎಂಬುದರ ಓರೆಗೆರೆಯನ್ನು ಕಂಪ್ಯೂಟರ್ ಫೋಲ್ಡರೆಂದು ತಿಳಿದು ನಿಂತುಬಿಡುತ್ತದೆ. 01, 02 ಎಂದು ಎರಡಂಕಿಯಲ್ಲಿ ಹೆಸರಿಟ್ಟರೆ ಹತ್ತನೆಯದು ಎರಡನೆಯದಕ್ಕಿಂತ ಮುಂದೆ ಬರದು.

ಗ್ರಾಫಿನ ಮೇಲೆ ಪಿ-ಮೌಲ್ಯ, ಅಂದರೆ ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ, ಬರೆಯುವವರು ದಯವಿಟ್ಟು ಗಮನಿಸಿ. ತಳಿಗಳ ನಡುವೆ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ನಲವತ್ತು ಪರೀಕ್ಷೆ ಮಾಡಿದಾಗ ಸರಾಸರಿ ಎರಡು 0.05ರ ಕೆಳಗೆ ಬರುತ್ತವೆ. ಹಾಗಾಗಿ ಪಿ-ಮೌಲ್ಯಗಳನ್ನು ಪರೀಕ್ಷೆಗಳ ಸಂಖ್ಯೆಗೆ ತಕ್ಕಂತೆ ಸರಿಹೊಂದಿಸಬೇಕು. ಆದರೆ ಸರಿಹೊಂದಿಸುವ ಪಿ ಡಾಟ್ ಅಡ್ಜಸ್ಟನ್ನು ಗ್ರಾಫಿನ ಫಂಕ್ಷನ್ ಒಳಗಿಟ್ಟರೆ ಫಲವಿಲ್ಲ, ಅಲ್ಲಿ ಅದಕ್ಕೆ ಸಿಗುವುದು ಒಂದೇ ಮೌಲ್ಯ. ನಲವತ್ತನ್ನೂ ಮೊದಲೇ ಲೆಕ್ಕ ಹಾಕಿ ಒಟ್ಟಿಗೆ ಕೊಡಿ. ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಕೊಟ್ಟ ವಿಧಾನ ಬೇಕಿದ್ದರೆ ಬಿಎಚ್ ಎಂದು ಹೇಳಲೇಬೇಕು; ಹೇಳದಿದ್ದರೆ ಆರ್ ಹೋಲ್ಮ್ ಎಂಬವರ ವಿಧಾನ ಹಿಡಿಯುತ್ತದೆ.

ಮಾರ್ಗದರ್ಶಕರು ಬಿಡಲು ಹೇಳಿದ ಆ ಎರಡು ಮರಗಳನ್ನು ಎಕ್ಸೆಲ್‌ನಿಂದ ಅಳಿಸಬೇಡಿ. ಮರದ ಸಂಖ್ಯೆಯನ್ನೂ ಬಿಟ್ಟ ಕಾರಣವನ್ನೂ ಕೋಡಿನ ಮೊದಲ ಸಾಲುಗಳಲ್ಲಿ ಬರೆದು, ಅಲ್ಲೇ ಬೇರ್ಪಡಿಸಿ. ಗ್ರಾಫಿನ ಫೋಲ್ಡರನ್ನು ಖಾಲಿ ಮಾಡಿ ಇಡೀ ಕೋಡನ್ನು ಮೇಲಿನಿಂದ ಓಡಿಸಿ, ಬಂದ ಫೈಲುಗಳನ್ನು ಎಣಿಸಿ ನೋಡಿ. ಮೂವತ್ತೊಂಬತ್ತೇ ಇದ್ದರೆ ಎರಡು ಕಾಲಮ್ಮಿಗೆ ಒಂದೇ ಫೈಲ್ ಹೆಸರು ಬಿದ್ದು ಒಂದರ ಮೇಲೆ ಇನ್ನೊಂದು ಕೂತಿರಬಹುದು. ಮೊದಲು ಕಾಲಮ್ಮಿನ ಹೆಸರುಗಳ ಆ ಸಣ್ಣ ಪಟ್ಟಿಯನ್ನೇ ನೋಡಿ.

ನಮಸ್ಕಾರ.