ನಿಮ್ಮ ಓಟದ ಪೇಸ್ ಎಷ್ಟು?

ಕೇಳುಗರಿಗೆ ನಮಸ್ಕಾರ.

ಮೊದಲ ಸಲ 10 ಕಿಲೋಮೀಟರ್ ಓಟಕ್ಕೆ ನಿಂತ ದಿನ ನಾನು ಮೊದಲ ಕಿಲೋಮೀಟರನ್ನು 5 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಿದ್ದೆ. ಕಾಲು ಹಗುರವಾಗಿತ್ತು, ಸುತ್ತ ಎಲ್ಲರೂ ಜೋರಾಗಿ ಹೊರಟಿದ್ದರು, ನಾನೂ ಅವರ ಹಿಂದೆಯೇ ಹೋದೆ. ಏಳನೇ ಕಿಲೋಮೀಟರಿಗೆ ತೊಡೆ ಕಲ್ಲಿನ ಹಾಗಾಯಿತು. ಕೊನೆಯ ಮೂರು ಕಿಲೋಮೀಟರನ್ನು ಅರ್ಧ ಓಡಿ, ಅರ್ಧ ನಡೆದು ಮುಗಿಸಿದೆ. ನನಗೆ ದಮ್ಮು ಸಾಲದು ಅಂತ ಬಹಳ ದಿನ ಕೊರಗಿದೆ. ದಮ್ಮೇನೋ ಇತ್ತು, ಅದನ್ನು ಎಲ್ಲಿ ಎಷ್ಟು ಖರ್ಚು ಮಾಡಬೇಕು ಅನ್ನುವ ಲೆಕ್ಕ ಗೊತ್ತಿರಲಿಲ್ಲ.

ಆ ಲೆಕ್ಕವನ್ನೇ ಓಟಗಾರರು ಪೇಸ್ ಅನ್ನುತ್ತಾರೆ. ಒಂದು ಕಿಲೋಮೀಟರ್ ಓಡಲು ಹಿಡಿಯುವ ಸಮಯ, ಅಷ್ಟೇ. ಗಾಡಿಗಾದರೆ ಗಂಟೆಗೆ ಇಷ್ಟು ಕಿಲೋಮೀಟರ್ ಅನ್ನುತ್ತೇವೆ. ಓಟದಲ್ಲಿ ಉಲ್ಟಾ, ಕಿಲೋಮೀಟರಿಗೆ ಇಷ್ಟು ನಿಮಿಷ. ಟ್ರೆಡ್‌ಮಿಲ್ ಗಂಟೆಗೆ 10 ಅಂತ ತೋರಿಸಿದರೆ 60ನ್ನು 10ರಿಂದ ಭಾಗಿಸಿ: 6 ನಿಮಿಷದ ಪೇಸ್. 12 ತೋರಿಸಿದರೆ 5 ನಿಮಿಷ. ಅಂಕಿ ಇಳಿದಷ್ಟೂ ಓಟ ಜೋರು.

ಈಗ ನಿಮ್ಮ ಪೇಸ್ ಕಂಡುಹಿಡಿಯೋಣ. 400 ಮೀಟರಿನ ಟ್ರ್ಯಾಕ್ ಸಿಕ್ಕರೆ ತುಂಬಾ ಸುಲಭ. ಹತ್ತು ನಿಮಿಷ ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಸ್ಟಾಪ್‌ವಾಚ್ ಒತ್ತಿ ಹನ್ನೆರಡೂವರೆ ಸುತ್ತು ಓಡಿ, ಅದು 5 ಕಿಲೋಮೀಟರ್. ಒಳಗಿನ ಮೊದಲ ಸಾಲಿನಲ್ಲೇ ಓಡಬೇಕು. ಒಂದೊಂದು ಸಾಲು ಹೊರಗೆ ಹೋದರೂ ಸುತ್ತಿಗೆ 7ರಿಂದ 8 ಮೀಟರ್ ಜಾಸ್ತಿಯಾಗುತ್ತದೆ. ಕೊನೆಯ ಸುತ್ತಿನಲ್ಲೂ ಮೊದಲ ಸುತ್ತಿನಷ್ಟೇ ವೇಗ ಉಳಿಯುವ ಹಾಗೆ ಓಡಿ.

ನಿಮಗೆ 32 ನಿಮಿಷ ಹಿಡಿಯಿತು ಅಂದುಕೊಳ್ಳಿ. 32ನ್ನು 5ರಿಂದ ಭಾಗಿಸಿದರೆ 6.4. ಇಲ್ಲೇ ಬಹಳ ಜನ ಎಡವುವುದು. 6.4 ಅಂದರೆ 6 ನಿಮಿಷ 40 ಸೆಕೆಂಡ್ ಅಲ್ಲ. ಚುಕ್ಕಿಯ ಮುಂದಿನ ಭಾಗವನ್ನು 60ರಿಂದ ಗುಣಿಸಬೇಕು. 0.4 ಗುಣಿಸು 60, ಅಂದರೆ 24. ನಿಮ್ಮ ಪೇಸ್ 6 ನಿಮಿಷ 24 ಸೆಕೆಂಡ್. 16 ಸೆಕೆಂಡಿನ ವ್ಯತ್ಯಾಸ ತಾನೇ ಅಂತ ಬಿಡಬೇಡಿ, 10 ಕಿಲೋಮೀಟರಿಗೆ ಅದು ಎರಡೂವರೆ ನಿಮಿಷ ದಾಟುತ್ತದೆ.

ಇದೇ ಪೇಸಿನಲ್ಲಿ 10 ಕಿಲೋಮೀಟರ್ ಓಡಬಹುದಾ? ಆಗುವುದಿಲ್ಲ. ದೂರ ಹೆಚ್ಚಿದ ಹಾಗೆ ಓಟ ಎಷ್ಟು ನಿಧಾನವಾಗುತ್ತದೆ ಅನ್ನುವುದಕ್ಕೆ ಪೀಟ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ 1977ರಲ್ಲಿ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ ದೂರ ಎರಡರಷ್ಟಾದರೆ ಸಮಯ ಸುಮಾರು 2.085ರಷ್ಟಾಗುತ್ತದೆ. ನಮ್ಮ 32 ನಿಮಿಷವನ್ನು ಅದರಿಂದ ಗುಣಿಸಿದರೆ 10 ಕಿಲೋಮೀಟರಿಗೆ ಸುಮಾರು 66 ನಿಮಿಷ 43 ಸೆಕೆಂಡ್. ಪೇಸ್ 6 ನಿಮಿಷ 40 ಸೆಕೆಂಡಿಗೆ ಬಂತು. ಹಾಫ್ ಮ್ಯಾರಥಾನಿಗೆ ಅದು 7 ನಿಮಿಷದ ಹತ್ತಿರ. 42.195 ಕಿಲೋಮೀಟರಿನ ಮ್ಯಾರಥಾನಿಗೂ ಲೆಕ್ಕ ಹಾಕಬಹುದು, 7 ನಿಮಿಷ 16 ಸೆಕೆಂಡ್ ಬರುತ್ತದೆ. ಆದರೆ ತಿಂಗಳುಗಟ್ಟಲೆ ಉದ್ದನೆಯ ಓಟಗಳನ್ನು ಓಡಿ ಪಳಗದವರು ಈ ಕೊನೆಯ ಅಂಕಿಯನ್ನು ನಂಬಿ ಹೊರಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನೊಂದು ಮಾತು. ಈ ಪೇಸ್ ಸ್ಪರ್ಧೆಯ ದಿನಕ್ಕೆ. ದಿನನಿತ್ಯದ ಓಟಕ್ಕೆ ಇದಕ್ಕಿಂತ ಕಿಲೋಮೀಟರಿಗೆ ಒಂದು ನಿಮಿಷ, ಒಂದೂವರೆ ನಿಮಿಷ ನಿಧಾನವಾಗಿ ಓಡಿದರೂ ಸರಿಯೇ. ಅದನ್ನು ಅಳೆಯಲು ವಾಚೂ ಬೇಡ. ಓಡುತ್ತಾ ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಿ ನೋಡಿ. ಎರಡೆರಡು ಪದಕ್ಕೆ ಉಸಿರು ಎಳೆಯಬೇಕಾಗಿ ಬಂದರೆ ವೇಗ ಜಾಸ್ತಿಯಾಯಿತು. ಒಬ್ಬರೇ ಓಡುತ್ತಿದ್ದರೆ ಒಂದರಿಂದ ಹತ್ತರವರೆಗೆ ಬಾಯಿಬಿಟ್ಟು ಎಣಿಸಿ. ನನಗಂತೂ ಯಾವ ಯಂತ್ರಕ್ಕಿಂತ ಇದರ ಮೇಲೇ ನಂಬಿಕೆ. ಬಿಸಿಲು, ಏರು, ಎದುರುಗಾಳಿ, ನಿದ್ದೆಗೆಟ್ಟ ರಾತ್ರಿ, ಇವೆಲ್ಲ ಉಸಿರಿಗೆ ತಕ್ಷಣ ಗೊತ್ತಾಗುತ್ತವೆ.

ಜಿಪಿಎಸ್ ವಾಚ್ ಕಟ್ಟುವವರು ಒಂದು ವಿಷಯ ಗಮನಿಸಿ. ಎತ್ತರದ ಕಟ್ಟಡ, ದಟ್ಟ ಮರಗಳ ನಡುವೆ ಅದರ ಪೇಸ್ ಸುಮ್ನೆ ಮೇಲೆ ಕೆಳಗೆ ಕುಣಿಯುತ್ತದೆ. ಆ ಕ್ಷಣದ ಪೇಸ್ ಬಿಟ್ಟು ಒಂದೊಂದು ಕಿಲೋಮೀಟರಿನ ಸರಾಸರಿಯನ್ನು ನೋಡಿ. ಇನ್ನು ಸ್ಪರ್ಧೆಯ ದಾರಿಯನ್ನು ಅಳೆಯುವುದು ಓಡಬಹುದಾದ ಅತಿ ಹತ್ತಿರದ ಗೆರೆಯ ಮೇಲೆ. ನಾವು ತಿರುವುಗಳಲ್ಲಿ ಅಗಲವಾಗಿ ಹೋಗುತ್ತೇವೆ, ಅವರಿವರನ್ನು ದಾಟುತ್ತೇವೆ. ಮ್ಯಾರಥಾನ್ ಮುಗಿಸುವಾಗ ವಾಚು 42.6 ತೋರಿಸಿದರೂ ಅಚ್ಚರಿಯಿಲ್ಲ. ಅಷ್ಟರಲ್ಲಿ 6 ನಿಮಿಷದ ಪೇಸಿನವರಿಗೆ ಹತ್ತಿರಹತ್ತಿರ ಎರಡೂವರೆ ನಿಮಿಷ ಹೆಚ್ಚು ಹಿಡಿದಿರುತ್ತದೆ. ಅದನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ.

2023ರಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟುಮ್ ಷಿಕಾಗೋ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಮುಗಿಸಿದರು. ಕಿಲೋಮೀಟರಿಗೆ 2 ನಿಮಿಷ 51 ಸೆಕೆಂಡಿನ ಆಸುಪಾಸು. ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಓಟದ ಎರಡು ಭಾಗಗಳು. ಮೊದಲ ಅರ್ಧಕ್ಕೆ ಅವರಿಗೆ ಒಂದು ಗಂಟೆಯ ಮೇಲೆ ಹಿಡಿದಿತ್ತು, ಎರಡನೆಯ ಅರ್ಧವನ್ನು ಒಂದು ಗಂಟೆಯ ಒಳಗೇ ಓಡಿದರು. ಅಂಥ ಓಟಗಾರ ಕೂಡ ಕೊನೆಗೆ ಬೇಕು ಅಂತ ಶಕ್ತಿ ಉಳಿಸಿಕೊಂಡಿದ್ದರು, ಅಲ್ವಾ?

ಎರಡನೇ ಸಲ 10 ಕಿಲೋಮೀಟರ್ ಓಟಕ್ಕೆ ನಿಂತಾಗ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದೆ, "6–40" ಅಂತ. ಮೊದಲ ಕಿಲೋಮೀಟರಿನಲ್ಲಿ ಜನ ನನ್ನನ್ನು ದಾಟಿ ಹೋಗುತ್ತಲೇ ಇದ್ದರು. ಅಂಗೈ ನೋಡಿಕೊಂಡೆ, ಕಾಲನ್ನು ತಡೆದೆ. ಏಳನೇ ಕಿಲೋಮೀಟರಿನ ಫಲಕ ಬಂದಾಗ ಬೆವರಿಗೆ ಶಾಯಿ ಅಳಿಸಿಹೋಗಿತ್ತು. ನಾನು ಇನ್ನೂ ಓಡುತ್ತಿದ್ದೆ.

ನಮಸ್ಕಾರ.