ರೈಸ್ ಅಂದ್ರೆ ಬರೀ ಏಳೋದಲ್ಲ: ಗೋಳಗುಮ್ಮಟದ ಮೆಟ್ಟಿಲ ಮೇಲೊಂದು ಇಂಗ್ಲಿಷ್ ಪಾಠ

[ದೃಶ್ಯ: ನಸುಕು. ಮುಸುಕು ಹೊದ್ದು ಮಲಗಿದ ಹುಡುಗ. ಅಡುಗೆಮನೆಯಿಂದ ದನಿ ಮಾತ್ರ ಕೇಳುತ್ತದೆ.]

"ಏಳೋ ತಮ್ಮಾ, ಏಳಾತು! ಏಳೂವರಿಗೆ ಟ್ಯೂಷನ್ ಐತಿ, ಏಳು!"

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಕೇಳುವ ಮಾತು ಇದು. ಇದರಲ್ಲಿ ಯಾವ ಏಳು ಗಡಿಯಾರದ್ದು, ಯಾವ ಏಳು ಹಾಸಿಗೆಯದ್ದು ಅಂತ ನನ್ನ ತಮ್ಮನಿಗೆ ಯಾರೂ ಹೇಳಿಕೊಟ್ಟಿಲ್ಲ. ನಿದ್ದೆಗಣ್ಣಲ್ಲೂ ಅವನಿಗೆ ಗೊತ್ತಾಗುತ್ತದೆ. ಗೊತ್ತಾದರೂ ಏಳುವುದಿಲ್ಲ, ಅದು ಬೇರೆ ವಿಷಯ.

ಅದೇ ಹುಡುಗ ಇಂಗ್ಲಿಷ್ ಪುಸ್ತಕ ತೆಗೆದರೆ ಒಂದು ಸಣ್ಣ ಪದದ ಮುಂದೆ ತಡವರಿಸುತ್ತಾನೆ. ರೈಸ್. ಅನ್ನದ ರೈಸ್ ಅಲ್ಲ, ಸನ್‌ರೈಸ್ ಅಂತೀವಲ್ಲ, ಆ ರೈಸ್. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ. ಬಾಯಲ್ಲಿ ಮಾತ್ರ ಬೇರೆ ಬೇರೆ. ಗಂಟಲ ಮೇಲೆ ಬೆರಳಿಟ್ಟುಕೊಂಡು ಹೇಳಿ ನೋಡಿ. ಅನ್ನದ ರೈಸ್ ಕೊನೆಯಲ್ಲಿ ಹಾವಿನ ಹಾಗೆ ಬುಸ್ಸೆನ್ನುತ್ತದೆ, ಗಂಟಲು ಸುಮ್ಮನಿರುತ್ತದೆ. ಏಳುವ ರೈಸ್ ಕೊನೆಯಲ್ಲಿ ಜೇನುನೊಣದ ಹಾಗೆ ಗುಂಯ್ ಅನ್ನುತ್ತದೆ, ಬೆರಳಿಗೆ ನಡುಕ ತಾಗುತ್ತದೆ. ಆಯ್ತಾ? ಇನ್ನು ಮೇಲೆ ಅನ್ನದ ಸುದ್ದಿ ಬೇಡ.

[ದೃಶ್ಯ: ಗೋಳಗುಮ್ಮಟ, ಹುಲ್ಲುಹಾಸಿನ ಕಡೆಯಿಂದ. ಕ್ಯಾಮೆರಾ ನಿಧಾನವಾಗಿ ಮೇಲಕ್ಕೆ.]

ನಮಸ್ಕಾರ್ರೀ. ಇವತ್ತಿನ ಕ್ಲಾಸ್ ಇಲ್ಲೇ, ವಿಜಯಪುರದ ಗೋಳಗುಮ್ಮಟದಲ್ಲಿ. ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಕೆಲಸ ಮುಗಿದದ್ದು 1656ರಲ್ಲಿ. ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್. ನಾಲ್ಕು ಮೂಲೆಗೆ ನಾಲ್ಕು ಗೋಪುರ, ಒಂದೊಂದಕ್ಕೂ ಏಳೇಳು ಅಂತಸ್ತು. ಮೆಟ್ಟಿಲು ಗೋಪುರದ ಒಳಗೇ ಇವೆ.

ಇಂಗ್ಲಿಷ್ ಗೈಡ್ ಪುಸ್ತಕಗಳಲ್ಲಿ ಇಂಥ ಕಟ್ಟಡದ ಬಗ್ಗೆ 'ರೈಸಸ್ ಅಬೌವ್ ದಿ ಸಿಟಿ' ಅಂತ ಬರೆಯುತ್ತಾರೆ. ಊರಿನ ಮೇಲೆ ಏಳುತ್ತದೆ! ಮುನ್ನೂರೈವತ್ತು ವರ್ಷ ದಾಟಿದರೂ ಇದು ಒಂದು ಇಂಚು ಅಲುಗಾಡಿಲ್ಲ. ಆದರೂ ಏಳುತ್ತಲೇ ಇದೆಯಂತೆ. ನಗಬೇಡಿ. ನಾವೂ 'ದೂರದಿಂದಲೇ ಎದ್ದು ಕಾಣುತ್ತದೆ' ಅನ್ನುತ್ತೇವೆ ಅಲ್ವಾ? ಏಳುವುದು ಕಟ್ಟಡವಲ್ಲ, ನೋಡುವವರ ಕಣ್ಣು.

[ದೃಶ್ಯ: ಗೋಪುರದ ಒಳಗಿನ ಇಕ್ಕಟ್ಟಾದ ಮೆಟ್ಟಿಲು. ಏದುಸಿರು.]

ನಾನು ಮಕ್ಕಳಿಗೆ ಹೇಳುವುದು ಒಂದೇ. ರೈಸ್ ಅನ್ನುವ ಪದಕ್ಕೆ ಕನ್ನಡದ ಒಂದು ಪದ ಹುಡುಕಬೇಡಿ. ಏನು ಮೇಲೆ ಬರುತ್ತಿದೆ ಅಂತ ನೋಡಿ. ಬೆಲೆ ಆದರೆ ಏರುತ್ತದೆ. ಹೊಗೆ ಆದರೆ ಏಳುತ್ತದೆ. ಸೂರ್ಯ ಆದರೆ ಹುಟ್ಟುತ್ತಾನೆ, ಮೂಡುತ್ತಾನೆ. ಮೂಡು ಅನ್ನುವುದರಿಂದಲೇ ಮೂಡಣ ದಿಕ್ಕು. ಇಂಗ್ಲಿಷಿನಲ್ಲಿ ಪೂರ್ವ ದೇಶಗಳಿಗೆ ಓರಿಯಂಟ್ ಅನ್ನುತ್ತಾರಲ್ಲ, ಅದೂ 'ಮೂಡು' ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಎಲ್ಲಿಯ ಲ್ಯಾಟಿನ್, ಎಲ್ಲಿಯ ಕನ್ನಡ! ಸೂರ್ಯ ಮಾತ್ರ ಒಬ್ಬನೇ.

ಈಗ ನದಿಗೆ ಬರೋಣ. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ.

'ದಿ ಕೃಷ್ಣಾ ರೈಸಸ್ ನಿಯರ್ ಮಹಾಬಲೇಶ್ವರ್.' ಟ್ಯೂಷನ್ನಿನಲ್ಲಿ ಒಬ್ಬ ಹುಡುಗಿ ಇದನ್ನು 'ಮಹಾಬಲೇಶ್ವರದ ಹತ್ತಿರ ಕೃಷ್ಣೆಗೆ ಪ್ರವಾಹ ಬರುತ್ತದೆ' ಅಂತ ಬರೆದಿದ್ದಳು. ತಪ್ಪು ಅಂತ ಗೆರೆ ಎಳೆಯಲು ನನಗೆ ಮನಸ್ಸೇ ಬರಲಿಲ್ಲ. ಹೊಳೆ ದಂಡೆಯ ಊರಿನ ಹುಡುಗಿ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಊರೂರೇ ನೀರಿನಲ್ಲಿ ನಿಂತದ್ದನ್ನು ಕಂಡವಳು. ಅವಳ ಪಾಲಿಗೆ ನದಿ ಮೇಲೆ ಬರುವುದು ಅಂದರೆ ಅದೇ.

ಆದರೆ ಇಲ್ಲಿ ರೈಸ್ ಅಂದರೆ ಹುಟ್ಟುವುದು. ನೀರು ನೆಲದಿಂದ ಮೇಲೆ ಬಂತಲ್ಲ, ಅದಕ್ಕೆ ರೈಸ್. ನಮ್ಮ ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ರೈಸ್ ಆಗುತ್ತಾಳೆ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಗುರುತು ಹಿಡಿಯುವುದು ಹೇಗೆ? ಪುಸ್ತಕದಲ್ಲಿ 'ರೈಸಸ್' ಅಂತಿದ್ದು, ಜೊತೆಗೆ ಬೆಟ್ಟದ ಹೆಸರೋ ಊರಿನ ಹೆಸರೋ ಇದ್ದರೆ ಅದು ಉಗಮ. 'ದಿ ರಿವರ್ ರೋಸ್ ಓವರ್‌ನೈಟ್' ಅಂತಿದ್ದರೆ ರಾತ್ರೋರಾತ್ರಿ ಹೊಳೆ ಏರಿತು ಅಂತ. ನಮ್ಮ ಕಡೆ ಅದಕ್ಕೆ ಎರಡೇ ಪದ ಸಾಕು: "ಹೊಳಿ ಬಂತು." ಅಷ್ಟು ಹೇಳಿದರೆ ದನದ ಹಗ್ಗ ಬಿಚ್ಚಲು ಓಡುತ್ತಾರೆ.

ಇಲ್ಲಿ ಸ್ವಲ್ಪ ಕೂರೋಣ. ನನಗೆ ವಯಸ್ಸಾಗಿಲ್ಲ, ಮೆಟ್ಟಿಲು ಎತ್ತರ ಇವೆ ಅಷ್ಟೇ.

[ದೃಶ್ಯ: ಆಲಮಟ್ಟಿ ಜಲಾಶಯ. ಗೇಟುಗಳಿಂದ ನೀರು ಧುಮ್ಮಿಕ್ಕುತ್ತಿದೆ.]

ಕೂತಲ್ಲೇ ರೈಸ್‌ನ ಅಣ್ಣನನ್ನು ನೋಡಿಬಿಡೋಣ. ಅವನ ಹೆಸರು ರೇಸ್. ಕುದುರೆ ರೇಸ್ ಅಲ್ಲ, ಕೈ ಎತ್ತಿ ಅನ್ನಲು 'ರೇಸ್ ಯುವರ್ ಹ್ಯಾಂಡ್' ಅಂತೀವಲ್ಲ, ಅದು. ಗ್ರಾಮರ್ ಪುಸ್ತಕ ಇವೆರಡಕ್ಕೆ ಅಕರ್ಮಕ, ಸಕರ್ಮಕ ಅಂತ ದೊಡ್ಡ ಹೆಸರು ಇಟ್ಟು ಹೆದರಿಸುತ್ತದೆ. ಕನ್ನಡದವರಿಗೆ ಅದು ಬೇಕಿಲ್ಲ. ತಾನಾಗಿ ಆದರೆ ಏರು, ಬೇರೆಯವರು ಮಾಡಿದರೆ ಏರಿಸು. ತಾನಾಗಿ ಆದರೆ ಏಳು, ಅವ್ವ ಮಾಡಿದರೆ ಎಬ್ಬಿಸು. ನಮ್ಮಲ್ಲಿ ಪದದ ಬಾಲ ಬದಲಾಗುತ್ತದೆ. ಅವರಲ್ಲಿ ಪದವೇ ಬದಲು. ಯಾಕೆ ಅಂದರೆ ರೈಸ್ ಇಂಗ್ಲಿಷಿನ ಮನೆಮಗ. ರೇಸ್ ಬಂದದ್ದು ಹೊರಗಿನಿಂದ, ಇಂಗ್ಲೆಂಡಿನಲ್ಲಿ ಬಂದು ನೆಲೆಸಿದ ವೈಕಿಂಗರ ಭಾಷೆಯಿಂದ. ಅಲ್ಲೂ ಅದರ ಅರ್ಥ ಎಬ್ಬಿಸು ಅಂತಲೇ.

ಆಲಮಟ್ಟಿಯಲ್ಲಿ ಅಣ್ಣತಮ್ಮ ಇಬ್ಬರನ್ನೂ ಒಟ್ಟಿಗೆ ನೋಡಬಹುದು. ಮಳೆಗಾಲದಲ್ಲಿ ನೀರಿನ ಮಟ್ಟ ರೈಸ್ ಆಗುತ್ತದೆ. ಯಾರೂ ಎತ್ತುವುದಿಲ್ಲ, ತಾನೇ ಏರುತ್ತದೆ. ಅಲ್ಲಿ 26 ಗೇಟುಗಳಿವೆ. ಅವನ್ನು ಎಂಜಿನಿಯರುಗಳು ರೇಸ್ ಮಾಡುತ್ತಾರೆ, ಅಂದರೆ ಎತ್ತುತ್ತಾರೆ. ಗೇಟು ತಾನಾಗಿ ರೈಸ್ ಆದರೆ ಕೆಳಗಿನ ಊರುಗಳ ಗತಿ ಏನು, ನೀವೇ ಹೇಳಿ. ಈಗ ಪೂರ್ಣ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಬಹುದು ಅಂತ 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ ಹೇಳಿತು. ಇಂಗ್ಲಿಷ್ ಪೇಪರಿನಲ್ಲಿ ಇದು ಬಂದಾಗಲೆಲ್ಲ ರೇಸ್ ಅಂತಲೇ ಇರುತ್ತದೆ. ಅಣೆಕಟ್ಟು ರೇಸ್ ಆದರೆ ಹಿನ್ನೀರು ರೈಸ್ ಆಗುತ್ತದೆ. ಹಿನ್ನೀರು ರೈಸ್ ಆದರೆ ಊರು ಏಳಬೇಕಾಗುತ್ತದೆ. ಹಳೇ ಬಾಗಲಕೋಟೆಯ ಎಷ್ಟೋ ಮನೆಗಳು ಹಾಗೆ ನವನಗರಕ್ಕೆ ಎದ್ದು ಬಂದವು. ಆ ಏಳುವಿಕೆಯನ್ನು ರೈಸ್ ಅಂತ ಇಂಗ್ಲಿಷಿಗೆ ಹಾಕಿಬಿಟ್ಟೀರಿ ಮತ್ತೆ! ಊರು ಉದ್ಧಾರ ಆಯ್ತು ಅಂದುಕೊಳ್ಳುತ್ತಾರೆ.

[ದೃಶ್ಯ: ಬೆಳಗಾವಿಯ ಸುವರ್ಣ ವಿಧಾನಸೌಧ.]

ಈಗ ನನ್ನದೇ ಒಂದು ಮರ್ಯಾದೆ ಹೋದ ಕಥೆ. ಕಾಲೇಜು ಮುಗಿಸಿ ಒಂದು ಸಣ್ಣ ಪೇಪರಿನಲ್ಲಿ ಅನುವಾದದ ಕೆಲಸಕ್ಕೆ ಸೇರಿದ್ದೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು. ಇಂಗ್ಲಿಷ್ ವರದಿಯ ಕೊನೆಯ ಸಾಲು: 'ದಿ ಹೌಸ್ ರೋಸ್ ಅಟ್ ಸಿಕ್ಸ್.' ನಾನು 'ಸಂಜೆ ಆರಕ್ಕೆ ಸದನದ ಸದಸ್ಯರೆಲ್ಲ ಎದ್ದು ನಿಂತರು' ಅಂತ ಬರೆದೆ. ಹಿರಿಯರೊಬ್ಬರು ಓದಿ, ಕನ್ನಡಕ ತೆಗೆದು, ಮೆಲ್ಲಗೆ ಕೇಳಿದರು: "ಯಾರು ತೀರಿಕೊಂಡ್ರವಾ?"

ರೋಸ್ ಅಂದರೆ ರೈಸ್‌ನ ಭೂತಕಾಲ, ಅದು ಗೊತ್ತಿತ್ತು. ಗೊತ್ತಿಲ್ಲದ್ದು ಇದು: ಸದನ ರೈಸ್ ಆಯ್ತು ಅಂದರೆ ಅವತ್ತಿನ ಕಲಾಪ ಮುಗೀತು ಅಂತ. ಕೋರ್ಟಿನಲ್ಲೂ ಹಾಗೇ. ಜಡ್ಜ್ ಒಳಗೆ ಬರುವಾಗ 'ಆಲ್ ರೈಸ್' ಅಂದರೆ ಎಲ್ಲರೂ ಎದ್ದು ನಿಲ್ಲಿ. 'ದಿ ಕೋರ್ಟ್ ರೋಸ್' ಅಂದರೆ ಅವತ್ತಿನ ಕೆಲಸ ಮುಗೀತು. ಒಂದೇ ಪದ ಬಾಗಿಲು ತೆಗೆಯುತ್ತದೆ, ಅದೇ ಪದ ಬಾಗಿಲು ಹಾಕುತ್ತದೆ.

ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳಿಗೆ ಇದೇನು ವಿಶೇಷ ಅನಿಸಲೇ ಇಲ್ಲ. "ಮದುವ್ಯಾಗ ಪಂಕ್ತಿ ಏಳೂದಿಲ್ಲೇನು?" ಅಂದಳು. ನಿಜ! ಮೊದಲನೇ ಪಂಕ್ತಿ ಎದ್ದಿತು ಅಂದರೆ ಜನ ನಿಂತರು ಅಂತ ಅಲ್ಲ, ಊಟ ಮುಗೀತು, ಎಲೆ ತೆಗೀರಿ, ಇನ್ನೊಬ್ಬರು ಕೂರಲಿ ಅಂತ. ನನ್ನ ಡಿಗ್ರಿಗಿಂತ ಅವ್ವನ ಪಂಕ್ತಿ ಹೆಚ್ಚು ಕೆಲಸಕ್ಕೆ ಬಂತು.

[ದೃಶ್ಯ: ಒಲೆಯ ಮೇಲೆ ಹಂಚು. ಹಂಚಿನ ಮೇಲೆ ಜೋಳದ ರೊಟ್ಟಿ.]

ಅವ್ವನ ಒಲೆಯ ಮುಂದೆ ಇನ್ನೊಂದು ಸಿಕ್ಕಿತು. ಇದನ್ನು ಹತ್ತಿರದಿಂದ ನೋಡಿ. ರೊಟ್ಟಿ ತಟ್ಟಿ ಹಂಚಿಗೆ ಹಾಕಿದಳು. ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿದಳು. ನೀರು ಆರುತ್ತಿದ್ದ ಹಾಗೆ ಮಗುಚಿದಳು. ಒಂದು ಮೂಲೆಯಲ್ಲಿ ಸಣ್ಣ ಗುಳ್ಳೆ. ಗುಳ್ಳೆ ಪಕ್ಕಕ್ಕೆ ಹರಿಯಿತು. ಆಮೇಲೆ ನೋಡಿ, ಇಡೀ ರೊಟ್ಟಿ ಒಂದು ಪುಟ್ಟ ಗುಮ್ಮಟ! ಇದು ರೈಸ್ ಅಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಪಫ್ ಅನ್ನುತ್ತಾರೆ. ಒಳಗಿನ ನೀರು ಹಬೆಯಾಗಿ ತಟ್ಟನೆ ಉಬ್ಬಿಸಿದ್ದು ಇದು. ಬೇಕರಿಯ ಬ್ರೆಡ್ ಹಿಟ್ಟು ಮಾತ್ರ ರೈಸ್ ಆಗುತ್ತದೆ. ಅಲ್ಲಿ ಈಸ್ಟ್ ಸಕ್ಕರೆ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತಾ ಬಿಡುತ್ತಾ ಹಿಟ್ಟು ನಿಧಾನವಾಗಿ ಮೇಲೆ ಬರುತ್ತದೆ. ನಾವು ಎರಡಕ್ಕೂ ಉಬ್ಬಿತು ಅಂದು ಮುಗಿಸುತ್ತೇವೆ.

ಇನ್ನು ಕೆಲವು ಓಡುತ್ತಾ ಹೇಳುತ್ತೇನೆ. ಸಂಬಳ ಜಾಸ್ತಿ ಆದರೆ ಇಂಗ್ಲೆಂಡಿನಲ್ಲಿ ರೈಸ್ ಸಿಕ್ಕಿತು ಅನ್ನುತ್ತಾರೆ, ಅಮೆರಿಕದಲ್ಲಿ ರೇಸ್ ಸಿಕ್ಕಿತು ಅನ್ನುತ್ತಾರೆ. ಜೀನ್ಸ್ ಅಂಗಡಿಯಲ್ಲಿ ಹೈ ರೈಸ್, ಲೋ ರೈಸ್ ಅಂತ ಇರುತ್ತದಲ್ಲ, ಅದು ತೊಡೆ ಸೇರುವ ಹೊಲಿಗೆಯಿಂದ ಸೊಂಟದ ಪಟ್ಟಿಯವರೆಗಿನ ಅಳತೆ. ಜನ ಸರ್ಕಾರದ ವಿರುದ್ಧ ರೈಸ್ ಆದರೆ ದಂಗೆ ಎದ್ದರು ಅಂತ. 1857ರಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸೋದಿಲ್ಲ ಅಂತ ಬ್ರಿಟಿಷರ ಮೇಲೆ ಎದ್ದರಲ್ಲ, ಆ ಏಳು. ಇಲ್ಲಿ ಎರಡು ಭಾಷೆಗೂ ಒಂದೇ ಕ್ರಿಯಾಪದ ಸಾಕಾಯ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೀನಿನದು. ಯಾರಾದರೂ ಕೆಣಕಿದಾಗ ನಾವು ಸಿಟ್ಟಿಗೆದ್ದು ಉತ್ತರ ಕೊಟ್ಟರೆ ಇಂಗ್ಲಿಷಿನವರು 'ರೈಸ್ ಟು ದಿ ಬೇಟ್' ಅನ್ನುತ್ತಾರೆ. ಗಾಳದ ಆಸೆಗೆ ಮೀನು ನೀರಿನ ಮೇಲಕ್ಕೆ ಎದ್ದು ಬಂತು ಅಂತ. ನಾವು ಏನು ಹೇಳುತ್ತೇವೆ? ಗಾಳಕ್ಕೆ ಬಿತ್ತು! ಅದೇ ಮೀನು, ಅದೇ ಗಾಳ. ಅಲ್ಲಿ ಏಳುತ್ತದೆ, ಇಲ್ಲಿ ಬೀಳುತ್ತದೆ.

[ದೃಶ್ಯ: ಮೇಲಿನ ಗ್ಯಾಲರಿ. ಕಿವಿಗಡಚಿಕ್ಕುವ ಗದ್ದಲ. ಪ್ರವಾಸಕ್ಕೆ ಬಂದ ಶಾಲಾ ಮಕ್ಕಳು.]

ಇಲ್ಲಿ ಪಿಸುಗುಟ್ಟಿದರೂ ಆಚೆ ಬದಿಗೆ ಕೇಳುತ್ತದೆ ಅಂತ ಕರೆತಂದೆ. ಆದರೆ ನೂರು ಮಕ್ಕಳು ಒಟ್ಟಿಗೆ 'ಓಯ್' ಅನ್ನುತ್ತಿದ್ದಾರೆ, ಆ ಓಯ್ ಮತ್ತೆ ಮತ್ತೆ ವಾಪಸ್ ಬರುತ್ತಿದೆ. ರೆಕಾರ್ಡಿಂಗ್ ಆಗುವ ಮಾತಲ್ಲ. ಬನ್ನಿ, ಕೆಳಗೆ ಹೋಗುತ್ತಾ ಮಾತಾಡೋಣ.

ಇಂಗ್ಲಿಷಿನವರಿಗೆ ಒಂದು ಪದಕ್ಕೆ ಇಷ್ಟು ಅರ್ಥ ಯಾಕೆ ಅಂತ ನನ್ನ ತಮ್ಮ ಕೇಳುತ್ತಿರುತ್ತಾನೆ. ಅವನಿಗೆ ನಾನು ನಮ್ಮ ಹತ್ತು ತೋರಿಸುತ್ತೇನೆ. ಹತ್ತು ಗಂಟೆಯ ಹತ್ತು ಅಲ್ಲ, ಬಸ್ ಹತ್ತುವ ಹತ್ತು. ಮೆಟ್ಟಿಲು ಹತ್ತುತ್ತೇವೆ. ಒಲೆಯೂ ಹತ್ತುತ್ತದೆ. ನಿದ್ದೆ ಹತ್ತುತ್ತದೆ, ಚಟ ಹತ್ತುತ್ತದೆ, ಮಳೆ ಹತ್ತಿದರೆ ನಾಲ್ಕು ದಿನ ಬಿಡುವುದಿಲ್ಲ. ಹಳಗನ್ನಡದಲ್ಲಿ ಇದು ಪತ್ತು. ಅಂಟಿಕೋ, ತಗಲು ಅನ್ನುವ ಅರ್ಥವೂ ಅದಕ್ಕಿತ್ತು. ಕೆಲಸಕ್ಕೆ ಅಂಟಿಕೊಂಡವರನ್ನು ನಾವು "ಮಾಡಾಕ ಹತ್ಯಾನ", "ಉಣ್ಣಾಕ ಹತ್ಯಾಳ" ಅನ್ನುವುದು ಅದಕ್ಕೇ. ಬೆಂಗಳೂರಿನ ಗೆಳತಿಯೊಬ್ಬಳು ಮೊದಲ ಸಲ ಕೇಳಿದಾಗ, ಊಟಕ್ಕೆ ಯಾರು ಎಲ್ಲಿಗೆ ಹತ್ತುತ್ತಿದ್ದಾರೆ ಅಂತ ಸುತ್ತ ನೋಡಿದ್ದಳು.

[ದೃಶ್ಯ: ಇಳಿಯುವ ಮೆಟ್ಟಿಲು, ಅರೆಗತ್ತಲು. ಫೋನ್ ರಿಂಗ್ ಆಗುತ್ತದೆ.]

ಒಂದು ನಿಮಿಷ, ಅವ್ವನ ಫೋನು.

"ಎಲ್ಲಿದ್ದೀಯವಾ? ರೊಟ್ಟಿ ಆರಾಕ ಹತ್ಯಾವು."

"ಬಂದೆ ಯವ್ವಾ. ಗುಮ್ಮಟ ಇಳಿಯಾಕ ಹತ್ತೀನಿ."