ಚಕ್ಕೋತದ ಕಹಿ ಎಲ್ಲಿರುತ್ತದೆ?

ಕೇಳುಗರೇ, ನಮಸ್ಕಾರ.

ಚಕ್ಕೋತ ಎಂದರೆ ಮುಖ ಕಿವಿಚುವವರನ್ನು ನಾನು ತುಂಬಾ ನೋಡಿದ್ದೇನೆ. ಕಹಿ ಅನ್ನುತ್ತಾರೆ, ಒಗರು ಅನ್ನುತ್ತಾರೆ. ಹೇಗೆ ತಿಂದಿರಿ ಎಂದು ಕೇಳಿದರೆ, ಕಿತ್ತಳೆಯ ಹಾಗೆ ಸುಲಿದು ತೊಳೆಯನ್ನು ಪೊರೆಸಮೇತ ಬಾಯಿಗೆ ಹಾಕಿಕೊಂಡೆ ಎನ್ನುತ್ತಾರೆ. ಅಲ್ಲೇ ತಪ್ಪಿದ್ದು. ಈ ಹಣ್ಣಿನ ಕಹಿಗೆ ಮುಖ್ಯ ಕಾರಣ ನರಿಂಜಿನ್ ಎಂಬ ವಸ್ತು. ಅದು ಹೆಚ್ಚಾಗಿ ಇರುವುದು ಸಿಪ್ಪೆಯೊಳಗಿನ ಬಿಳಿ ಮೆತ್ತೆಯಲ್ಲಿ ಮತ್ತು ತೊಳೆ ಸುತ್ತಿದ ಪೊರೆಯಲ್ಲಿ. ಇವೆರಡನ್ನೂ ತೆಗೆದು ಬರೀ ತಿರುಳು ತಿಂದು ನೋಡಿ, ರುಚಿಯೇ ಬೇರೆ.

ಮೊದಲು ಹಣ್ಣು ಆರಿಸುವ ಮಾತು. ಮರದಿಂದ ಕಿತ್ತ ಮೇಲೆ ಚಕ್ಕೋತ ಮಾವು, ಬಾಳೆಗಳಂತೆ ಮಾಗುವುದಿಲ್ಲ. ಎಳೆಯದನ್ನು ತಂದು ಎಷ್ಟು ದಿನ ಇಟ್ಟರೂ ಅದು ಎಳೆಯದೇ. ಬಣ್ಣವನ್ನು ನೆಚ್ಚಿಕೊಳ್ಳಬೇಡಿ, ಹಸಿರಾಗಿದ್ದೇ ಸಿಹಿಯಾಗಿರುವ ತಳಿಗಳಿವೆ. ಕೈಯನ್ನು ನಂಬಿ. ಒಂದೇ ಗಾತ್ರದ ಎರಡು ಹಣ್ಣುಗಳನ್ನು ಎರಡು ಅಂಗೈಯಲ್ಲಿ ಹಿಡಿದು ತೂಗಿದರೆ, ಭಾರವಾದದ್ದರಲ್ಲಿ ರಸ ಹೆಚ್ಚು. ದೊಡ್ಡದಾಗಿದ್ದೂ ಹಗುರವಿದ್ದರೆ ಒಳಗೆ ಮೆತ್ತೆಯೇ ತುಂಬಿರಬಹುದು, ಇಲ್ಲವೇ ತೊಳೆ ಒಣಗಿರಬಹುದು. ತೊಟ್ಟಿನ ಬಳಿ ಮೂಸಿದಾಗ ನವಿರಾದ ಪರಿಮಳ ಬರಬೇಕು. ಒತ್ತಿದರೆ ನೀರಾಡಿದಂತೆ ಕುಸಿಯುವುದನ್ನು ಬಿಟ್ಟುಬಿಡಿ.

ತಂದ ದಿನವೇ ಕೊಯ್ಯಬೇಕೆಂಬ ಅವಸರವಿಲ್ಲ. ದಪ್ಪ ಸಿಪ್ಪೆಯ ಕಾಪು ಇರುವುದರಿಂದ ತಂಪಾದ ಜಾಗದಲ್ಲಿ ವಾರಗಟ್ಟಲೆ ಇಡಬಹುದು. ನಾಲ್ಕಾರು ದಿನ ಇಟ್ಟರೆ ಸಿಪ್ಪೆ ಸ್ವಲ್ಪ ಬಾಡುತ್ತದೆ, ಸುಲಿಯುವುದೂ ಸುಲಭ.

ಇನ್ನು ಬಿಡಿಸುವುದು. ಇದಕ್ಕೆ ಕಾಲು ಗಂಟೆ ಕೊಡಿ. ತೊಟ್ಟಿನ ಕಡೆ ಎರಡು ಬೆರಳಿನಷ್ಟು ದಪ್ಪಕ್ಕೆ ಟೊಪ್ಪಿಯಂತೆ ಕೊಯ್ದು ತೆಗೆಯಿರಿ. ಆಮೇಲೆ ಮೇಲಿನಿಂದ ಕೆಳಕ್ಕೆ ಆರೆಂಟು ಗೀರು ಹಾಕಿ. ಚಾಕು ಮೆತ್ತೆಯವರೆಗೆ ಇಳಿಯಲಿ, ತೊಳೆಗೆ ತಾಗದಿರಲಿ. ಪಟ್ಟಿಗಳನ್ನು ಒಂದೊಂದಾಗಿ ಹೊರಕ್ಕೆ ಬಗ್ಗಿಸಿ ಎಳೆದರೆ ತಾವರೆಯ ಎಸಳಿನಂತೆ ಬಿಚ್ಚಿಕೊಳ್ಳುತ್ತವೆ. ನಡುವೆ ಸಿಗುವ ಉಂಡೆಗೆ ಅಂಟಿದ ಬಿಳಿಯನ್ನು ಸುಲಿದು, ಮಧ್ಯಕ್ಕೆ ಎರಡೂ ಹೆಬ್ಬೆರಳು ಇಟ್ಟು ಹೋಳು ಮಾಡಿ. ಈಗ ಪೊರೆಯ ಸರದಿ. ತೊಳೆಯ ಒಳಅಂಚನ್ನು ಚಾಕುವಿನ ತುದಿಯಿಂದ ಸೀಳಿ, ಪುಸ್ತಕ ಬಿಡಿಸಿದಂತೆ ಪೊರೆಯನ್ನು ಎರಡೂ ಕಡೆಗೆ ಮಡಚಿ. ಬೀಜ ಉದುರುತ್ತದೆ, ತಿರುಳು ಇಡಿಯಾಗಿ ಕೈಗೆ ಬರುತ್ತದೆ. ಇದರ ರಸದ ಕಾಳುಗಳು ಗಟ್ಟಿ. ಕಿತ್ತಳೆಯಂತೆ ಒಡೆದು ಸುರಿಯುವುದಿಲ್ಲ, ಮುತ್ತು ಬಿಡಿಸಿದಂತೆ ಬಿಡಿಬಿಡಿಯಾಗುತ್ತವೆ. ಹಲ್ಲಿನಡಿ ಅವು ಒಂದೊಂದಾಗಿ ಸಿಡಿಯುವ ಸುಖ ಬೇರೆ ಹಣ್ಣಿನಲ್ಲಿ ನನಗೆ ಸಿಕ್ಕಿಲ್ಲ.

ಒಂದು ಚಿಟಿಕೆ ಉಪ್ಪು ಉದುರಿಸಿದರೆ ಉಳಿದ ಕಹಿಯೂ ನಾಲಿಗೆಗೆ ತಾಗುವುದಿಲ್ಲ, ಸಿಹಿ ಮುಂದೆ ಬರುತ್ತದೆ. ಸಕ್ಕರೆಗಿಂತ ಉಪ್ಪೇ ಮೇಲು ಎಂದು ನನ್ನ ಅಭಿಪ್ರಾಯ. ಮಿಕ್ಸರಿಗೆ ಹಾಕಿ ರಸ ತೆಗೆಯುವವರು ಪೊರೆ, ಬೀಜ ಎರಡನ್ನೂ ತಪ್ಪದೆ ತೆಗೆಯಿರಿ. ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ಬೇರ್ಪಡಿಸಿದ ಕಹಿಯನ್ನು ನೀವೇ ಅರೆದು ಬೆರೆಸಿದಂತೆ. ನೂರು ಗ್ರಾಂ ತಿರುಳಿನಲ್ಲಿ ಸುಮಾರು 60 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ಅದು ಕಾಯಿಸಿದರೆ ಕುಂದುತ್ತದೆ. ಹಸಿಯಾಗಿ ತಿನ್ನುವುದೇ ಸರಿ.

ಒಂದು ಎಚ್ಚರಿಕೆ ಹೇಳಲೇಬೇಕು. ಗ್ರೇಪ್‌ಫ್ರೂಟ್ ಎಂಬ ಹಣ್ಣು ಚಕ್ಕೋತ ಮತ್ತು ಸಿಹಿ ಕಿತ್ತಳೆಗಳ ಬೆರಕೆಯಿಂದ ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿದ್ದು. ಕೆಲವು ಔಷಧಗಳ ಜೊತೆ ಅದನ್ನು ತಿನ್ನಬಾರದು ಎಂದು ವೈದ್ಯರು ಹೇಳುವುದನ್ನು ಕೇಳಿರುತ್ತೀರಿ. ಆ ತೊಂದರೆ ಕೊಡುವ ಫ್ಯುರಾನೊಕೌಮರಿನ್ ಎಂಬ ವಸ್ತುಗಳು ತಾಯಿಹಣ್ಣಾದ ಚಕ್ಕೋತದಲ್ಲೂ ಇವೆ. ಔಷಧವನ್ನು ಒಡೆದು ಕುಂದಿಸುವ ಕರುಳಿನ ಕಿಣ್ವವನ್ನು ಇವು ತಡೆಯುತ್ತವೆ. ಆಗ ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಏರುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸಿಮ್ವಾಸ್ಟಾಟಿನ್, ರಕ್ತದೊತ್ತಡಕ್ಕೆ ಕೊಡುವ ಫೆಲೋಡಿಪಿನ್ ಇಂಥವು. ದಿನವೂ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ ತಿನ್ನಿ. ಬೆಳಿಗ್ಗೆ ಮಾತ್ರೆ, ಸಂಜೆ ಹಣ್ಣು ಎಂದರೂ ಅಪಾಯ ತಪ್ಪುವುದಿಲ್ಲ.

ಒಂದೇ ಸಲಕ್ಕೆ ಮುಗಿಯದಿದ್ದರೆ, ಉಳಿದ ತೊಳೆಗಳ ಪೊರೆ ತೆಗೆಯದೆ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ರಸ ಆರದೆ ಇರುತ್ತದೆ. ತಿನ್ನುವಾಗ ಬಿಡಿಸಿಕೊಂಡರಾಯಿತು.

ನಮಸ್ಕಾರ.